ಹುಮನಾಬಾದಿನಲ್ಲಿ ಮಾಯವಾದ ಅತ್ತೆಗೆ

ಬಸವಕಲ್ಯಾಣ
ಬುಧವಾರ

ಪ್ರೀತಿಯ ದ್ರೌಪತಿ ಅತ್ತೆಗೆ, ನಿನ್ನ ತಮ್ಮನ ಮಗಳು ವಿಶಾಖಾಳ ಜೈಭೀಮ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಹುಮನಾಬಾದ್ ಎಂಬ ಹೆಸರು ಕಿವಿಗೆ ಬಿದ್ದ ಕೂಡಲೇ ನೀನು "ಹಲೋ, ಹಲೋ, ಏನೂ ಕೇಳ್ಸವಲ್ದು ನೋಡವಾ" ಎಂದು ಇಟ್ಟುಬಿಡುತ್ತೀ. ಕಾಗದದ ಮುಂದೆ ಆ ಉಪಾಯ ನಡೆಯುವುದಿಲ್ಲ. ನಿನ್ನ ಕಣ್ಣಿಗೆ ತ್ರಾಸಾಗದಿರಲೆಂದು ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ಈ ತಿಂಗಳ ಕೊನೆಯ ರವಿವಾರ ನಿನ್ನ ಮೊಮ್ಮಗಳು ಮಯೂರಿಯ ಮದುವೆ. ಮದುವೆ ಹುಮನಾಬಾದಿನಲ್ಲಿ ಎಂದು ತಿಳಿದ ದಿನ ನೀನು, "ನೀವೆಲ್ಲಾ ಹೋಗಿ ಬರ್ರಿ, ನಾ ಹುಲಸೂರದಾಗ ಕುಂತೇ ಹೂವು ಹಾಕ್ತೀನಿ" ಅಂದೆಯಂತೆ. ಮಯೂರಿ ನನ್ನೆದುರು ಕಣ್ಣೊರೆಸಿಕೊಂಡಳು. "ಅಜ್ಜಿಗಿ ನನಕಿಂತ ಆ ಊರ ಮ್ಯಾಲಿನ ಸಿಟ್ಟೇ ದೊಡ್ಡದಾಗ್ಯಾದ" ಎಂದಳು.

ಸಿಟ್ಟೆಂದೇ ನಾನೂ ತಿಳಿದಿದ್ದೆ. ಚಿಕ್ಕವಳಿದ್ದಾಗ ನಿನ್ನ ಜತೆ ಕಲಬುರಗಿಗೆ ಹೋಗುವಾಗ, ಬಸ್ಸು ಹುಮನಾಬಾದ್ ಮುಟ್ಟುತ್ತಲೇ ನೀನು ಸೆರಗನ್ನು ಮುಖದ ತುಂಬ ಎಳೆದುಕೊಂಡು ತಲೆ ಬಗ್ಗಿಸುತ್ತಿದ್ದೆ. ವಾಂತಿ ಬರುತ್ತದೇನೋ ಎಂದು ನಾನು ನಿಂಬೆಹಣ್ಣು ಹಿಡಿದು ಕೂರುತ್ತಿದ್ದೆ. ಊರು ದಾಟಿದ ಮೇಲೆ ನೀನು ಸೆರಗು ಸರಿಸಿ, ಏನೂ ಆಗಿಲ್ಲವೆಂಬಂತೆ ಶೇಂಗಾ ಸುಲಿಯುತ್ತಿದ್ದೆ.

ನಮ್ಮ ಭಾಗದ ಜಾದೂ ಆಟಗಳ ಇತಿಹಾಸ ಬರೆಯಬೇಕೆಂದು ನಾನು ಅಲೆಯುತ್ತಿರುವುದು ನಿನಗೆ ಗೊತ್ತು. ಮಾಯ ಮಾಡುವುದೇ ಕಸುಬಾದವರು ಹಿಂದೆ ಕುರುಹನ್ನೂ ಬಿಡುವುದಿಲ್ಲ. ಕಲ್ಯಾಣದ ಕೋಟೆಯಲ್ಲಿ ಅರಸರೆದುರು ಕಣ್ಕಟ್ಟು ನಡೆದಿರಬೇಕು ಎನ್ನುವವರು ಸಿಕ್ಕರು. ಆಧಾರ ಸಿಗಲಿಲ್ಲ, ಬರೆಯಲಿಲ್ಲ. ಮದುವೆಗೆ ಮೊದಲು ನೀನೂ ಒಂದು ಜಾದೂ ಕಂಪನಿಯಲ್ಲಿದ್ದೆ, ಪೆಟ್ಟಿಗೆಯೊಳಗಿಂದ ಮಾಯವಾಗುತ್ತಿದ್ದೆ ಎಂಬುದಷ್ಟೇ ನಮಗೆ ಗೊತ್ತು. ಕೇಳಿದಾಗಲೆಲ್ಲ ನೀನು, "ಪೆಟಗಿ ಹೊರಗಿನ ಮಾತು ಎಷ್ಟರ ಕೇಳು, ಒಳಗಿಂದು ಕೇಳಬ್ಯಾಡ" ಎನ್ನುತ್ತಿದ್ದೆ.

ಹೋದ ವಾರ ನಿಮ್ಮ ಕಂಪನಿಯ ಜಾದೂಗಾರ ಗುಲಾಮ್ ರಸೂಲ್ ಚಾಚಾ ಅವರನ್ನು ಹುಮನಾಬಾದಿನಲ್ಲಿ ಕಂಡೆ. ಮಗಳ ಮನೆಯ ಅಂಗಳದಲ್ಲಿ ಬೇವಿನ ನೆರಳಿಗೆ ಕುಳಿತಿದ್ದರು. ಕಣ್ಣು ಮಂಜಾಗಿದೆ, ಬೆರಳು ಮಾತ್ರ ಸುಮ್ಮನಿರುವುದಿಲ್ಲ. ಮಾತಾಡುತ್ತಲೇ ನನ್ನ ಪೆನ್ನು ಮಾಯ ಮಾಡಿ, "ಬರಕೋ ಬೇಟಿ, ಯಾಕ ಸುಮ್ಮ ಕುಂತಿ?" ಎಂದು ನಕ್ಕರು. ನಾನು ನಿನ್ನ ಹೆಸರು ಹೇಳಿದೆ. ಬೆರಳು ನಿಂತವು.

ಪೆಟ್ಟಿಗೆಯ ಗುಟ್ಟನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರು ಹೇಳಿದ್ದು ಕಂಪನಿಯ ಕಟ್ಟಳೆ. ಊರಲ್ಲಿ ತಂಬು ಹೂಡಿದ ಮೊದಲ ದಿನ ನೀನು ಮಾಯವಾಗಬೇಕು. ಕೊನೆಯ ದಿನದ ಆಟದಲ್ಲಿ ಅವರು ಹೆಸರು ಹಿಡಿದು ಕರೆದಾಗಲೇ ಮರಳಬೇಕು. ನಡುವೆ ಆ ಊರಿನ ಯಾರ ಕಣ್ಣಿಗೂ ಬೀಳಕೂಡದು. "ಆಕಿ ಎಲ್ಲಿ ಹೋದಳು ಅಂತ ಮಂದಿ ಮತ್ತ ಬರಬೇಕಲ್ಲಾ!" ಹೀಗೆ ಪರದೆಯ ಹಿಂದೆ ಕುಳಿತೇ ನೀನು ಊರುಗಳನ್ನು ಕಂಡೆ: ಹುರಿಯುವ ಶೇಂಗಾದ ವಾಸನೆ, ಆಜಾನ್, ಟಾಂಗಾ ಕುದುರೆಯ ಗೆಜ್ಜೆ.

ಹುಮನಾಬಾದಿನಲ್ಲಿ ಕೊನೆಯ ದಿನ, ಇನ್ನೇನು ಕರೆಯಬೇಕು ಎನ್ನುವಾಗ ಧೂಳಿನ ಬಿರುಗಾಳಿ ಎದ್ದು ತಂಬು ಹಾರಿತು. ಜನ ಚದುರಿದರು, ಕಂಪನಿ ಅಲ್ಲಿಗೇ ಮುರಿಯಿತು. ನೀನು ಮುಸುಕಿನಲ್ಲೇ ನಿನ್ನೂರಿಗೆ ಹೋದೆ. ಒಬ್ಬರ ಮಾತು ನಂಬಿ ಬರೆಯುವವಳಲ್ಲ ನಾನು. ಪೇಟೆಯ ಹಿರಿಯರನ್ನೂ ವಿಚಾರಿಸಿದೆ. ತಂಬು ಹಾರಿದ್ದನ್ನು ಕಂಡವರಿದ್ದಾರೆ. ಮಾಯವಾದ ನೀನು ಆಟದಲ್ಲಿ ಮರಳಿ ಬಂದದ್ದನ್ನು ಕಂಡವರು ಒಬ್ಬರೂ ಇಲ್ಲ.

"ಆಕಿ ಸಿಟ್ಟಾಗಿ ಹೋದಳು ಅಂತ ತಿಳ್ಕೊಂಡಿದ್ದೆ" ಎಂದರು ಚಾಚಾ. ನಾನು ಬಸ್ಸಿನೊಳಗಿನ ಸೆರಗಿನ ಮಾತು ಹೇಳಿದೆ. ಅವರು ಬೇವಿನ ಕಡೆ ಮುಖ ತಿರುಗಿಸಿದರು. "ಯಾ ಅಲ್ಲಾ, ನಾ ಕರದಿಲ್ಲ ಅಂತ ಇನ್ನಾ ಪರದೆ ಹಿಂದೇ ನಿಂತಾಳ?"

ಆ ಸಂಜೆ ಬಸ್ಸು ಹಿಡಿಯಲು ನಡೆಯುತ್ತಿದ್ದೆ. ಬಿಸಿಲು ಇಳಿದು ಬೀದಿಯೆಲ್ಲ ಅರಿಶಿನದ ಬಣ್ಣ. ಎಲ್ಲೋ ಶೇಂಗಾ ಹುರಿಯುತ್ತಿದ್ದರು. ನನ್ನ ಪಕ್ಕದಲ್ಲೇ ಯಾರೋ ಹಗುರ ಹೆಜ್ಜೆ ಇಡುತ್ತಿರುವಂತೆ ಅನ್ನಿಸಿತು. ಇಪ್ಪತ್ತರ ಹುಡುಗಿ, ಜರಿಯ ಪರಕಾರ ಉಟ್ಟವಳು, ಯಾರ ಕಣ್ಣಿಗೂ ಬೀಳದೆ ಅಂಗಡಿ ಅಂಗಡಿಯ ಬಳೆ ನೋಡುತ್ತಾ ಬರುತ್ತಿದ್ದಾಳೆ. ನಾನು ತಿರುಗಿ ನೋಡಲಿಲ್ಲ. ನೋಡಿದರೆ ಕಟ್ಟಳೆ ಮುರಿದೀತು. ಇದಕ್ಕೆ ಆಧಾರ ಕೇಳಬೇಡ, ಇತಿಹಾಸದಲ್ಲಿ ಇದನ್ನು ಬರೆಯುವುದಿಲ್ಲ. ನಿನಗೆ ಮಾತ್ರ ಬರೆದಿದ್ದೇನೆ.

ಈಗ ಚಾಚಾ ಹೇಳಿಕಳಿಸಿದ್ದು ಕೇಳು. "ಮಂದಿ ಮುಂದ ಮಾಯ ಆಗ್ಯಾಳ, ಮಂದಿ ಮುಂದೇ ಬರಬೇಕು." ರವಿವಾರ ಮದುವೆ ಮಂಟಪದ ಬಾಗಿಲಲ್ಲಿ ಅವರು ಆಟಕ್ಕೆ ಬಡಿಯುತ್ತಿದ್ದ ಹಳೆಯ ಡಫ್ ಹಿಡಿದು ನಿಂತಿರುತ್ತಾರೆ. ನೀನು ಜೀಪಿನಲ್ಲಿ ಸೆರಗು ಎಳೆದುಕೊಂಡೇ ಬಾ, ಯಾರೂ ಏನೂ ಅನ್ನುವುದಿಲ್ಲ. ಅವರು ಡಫ್ ಬಡಿದು, ಅಂದು ಬಾಯಲ್ಲೇ ಉಳಿದ ಮಾತು ಹೇಳುತ್ತಾರೆ: "ಬಾ ದ್ರೌಪತಿ, ಮಂದಿ ದಾರಿ ನೋಡಾಕತ್ಯಾರ." ಆಮೇಲೆ ಸೆರಗು ಸರಿಸು. ಅವರದೇ ಇನ್ನೊಂದು ಮಾತು: "ನನಗ ಕಣ್ಣು ಕಾಣಸೂದಿಲ್ಲ. ಬಂದಾಳೋ ಇಲ್ಲೋ ಹ್ಯಾಂಗ ತಿಳೀಬೇಕು? ಒಮ್ಮಿ ಕೆಮ್ಮು ಅಂತ ಹೇಳು."

ಕೆಮ್ಮು ಅತ್ತೆ. ಮಯೂರಿ ಒಳಗೆ ಕಿವಿಗೊಟ್ಟು ನಿಂತಿರುತ್ತಾಳೆ.

ಹುಮನಾಬಾದಿನ ಬಿಸಿಲು ನಿನ್ನ ಮುಖದ ಮೇಲೆ ಬೀಳಲಿ.

ದಾರಿ ನೋಡುತ್ತಿರುವ ಮಂದಿಯಲ್ಲಿ ಒಬ್ಬಳು,
ನಿನ್ನ ವಿಶಾಖಾ