ಮೆಹಜಬೀನಳ ನೆರವುಬಳೆ

ಕೆರೆದಂಡೆ ಆಸ್ಪತ್ರೆ, ಕೊಪ್ಪಳ
ಇಸವಿ ೨೧೮೭, ಎರಡನೇ ಬೇಸಿಗೆಯ ಶ್ರಾವಣ

ಬಹಳ ಹಿಂದಿನ ನರ್ಸಮ್ಮಂದಿರೇ, ನನ್ನ ಪ್ರೀತಿಯ ಅಕ್ಕಂದಿರೇ,

ನಮ್ಮ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ವರ್ಷಕ್ಕೆರಡು ಬೇಸಿಗೆ ಕಾಣುವ ಜನ ನಾವು, ಮಾತೂ ಕೊಂಚ ಬಾಡಿದೆ. ನಾನು ಗಂಗಮಾಲಾ, ಇಲ್ಲಿನ ಒಂದು ವಾರ್ಡಿನ ಹಿರಿಯಕ್ಕ. ನೀವು ಹೆಡ್ ನರ್ಸ್ ಎನ್ನುತ್ತಿದ್ದಿರಂತೆ. ರೋಗಿಯನ್ನು ಎತ್ತುವುದು, ಔಷಧಿ ಅಳೆಯುವುದು ಈಗ ಯಂತ್ರಗಳ ಪಾಲು. ಮೈ ಒರೆಸುವುದು, ಗಂಜಿ ಕುಡಿಸುವುದು, ಹೆದರಿದವರ ಪಕ್ಕ ಕೂರುವುದು ನಮ್ಮದೇ. ಗಂಜಿಯನ್ನೂ ಯಂತ್ರಕ್ಕೆ ಒಪ್ಪಿಸಿ ನೋಡಿದ್ದರು. ಅದೆಲ್ಲ ಅಜ್ಜಂದಿರ ಮೀಸೆಯಲ್ಲೇ ಉಳಿಯಿತು.

ನಿಮ್ಮ ಕಾಲದಲ್ಲಿ ಒಬ್ಬಳು ದಣಿದರೆ ಇನ್ನೊಬ್ಬಳು ಯಾರೂ ಹೇಳದೆಯೇ ಅವಳ ಕೈಯ ಟ್ರೇ ತೆಗೆದುಕೊಂಡು, ಸ್ಟೂಲಿನ ಮೇಲೆ ಕೂರಿಸಿ ಚಹಾ ಕೊಡುತ್ತಿದ್ದಳಂತೆ. ವಾರ್ಡು ಹಿತವಾಗಿದ್ದದ್ದು ಅದರಿಂದಲೇ ಎಂದು ನಿಮ್ಮ ಕಾಲದಲ್ಲಿ ಯಾರೋ ಅಳೆದು ಬರೆದಿಟ್ಟ ಕಡತದಿಂದ ನಮ್ಮ ಆಡಳಿತದವರಿಗೆ ತಿಳಿಯಿತು. ಅವರು ಹಿಗ್ಗಿ ಎಲ್ಲರಿಗೂ ನೆರವುಬಳೆ ತೊಡಿಸಿದರು. ಜೊತೆಯವಳಿಗೆ ನೆರವಾದಾಗಲೆಲ್ಲ ಈ ಬಳೆ ಟಿಣ್ ಎಂದು ಒಂದು ಅಂಕ ಕೊಡುತ್ತದೆ. ಅಂದಿನಿಂದ ನೆರವಿನ ಕಾಟ ಶುರುವಾಯಿತು. ಒಂದು ಚಾದರ ಬದಲಿಸಲು ನಾಲ್ವರು ಓಡಿಬರುತ್ತಾರೆ. ನಾಗಪ್ಪಜ್ಜನ ತಲೆಯನ್ನು ಒಂದೇ ಬೆಳಿಗ್ಗೆ ಮೂರು ಸಲ ತೊಳೆದು, ಪಾಪ, ನೆಗಡಿ ಹಿಡಿಸಿದೆವು.

ಮೆಹಜಬೀನ ನಮ್ಮ ವಾರ್ಡಿನ ಚಿಕ್ಕವಳು. ರೋಗಿಯನ್ನು ಮುಟ್ಟುವ ಮೊದಲು ಕೈ ಬರಿದಾಗಿರಬೇಕು ಎಂಬ ನಿಮ್ಮ ಹಳೆಯ ಶಿಸ್ತನ್ನು ನಾವೆಲ್ಲ ಅಂಕದ ಆಸೆಗೆ ಮರೆತೆವು, ಅವಳು ಮರೆಯಲಿಲ್ಲ. ಬಳೆ ಬಿಚ್ಚಿಟ್ಟು, ಕೈ ತೊಳೆದು, ಎಲ್ಲರ ಕೆಲಸಕ್ಕೂ ಹೆಗಲು ಕೊಡುತ್ತಾಳೆ. ಹಾಗಾಗಿ ಅವಳ ಅಂಕ ಸೊನ್ನೆ. ಅಂಕವಿಲ್ಲದವರನ್ನು ನೋಟಗೃಹಕ್ಕೆ ಹಾಕುತ್ತಾರೆ. ಅಲ್ಲಿ ಮನುಷ್ಯರನ್ನು ಮುಟ್ಟುವಂತಿಲ್ಲ, ಪರದೆಯ ಮುಂದೆ ಕೂತು ಯಂತ್ರಗಳನ್ನು ಕಾಯಬೇಕು. ಆ ಸುದ್ದಿ ಕಿವಿಗೆ ಬಿದ್ದಾಗ ಅವಳು, "ಇರ್ಲಿ ಬಿಡ್ರಿ ಅಕ್ಕಾರ, ಅಲ್ಲಿ ಕೂಡಾಕರ ಕುರ್ಚಿ ಇರತಾವ" ಎಂದು ನಕ್ಕಳು.

ಅಂಕ ಅವಳ ಲೆಕ್ಕಕ್ಕೆ ಸೇರಲಿ ಎಂದು, ಅವಳು ಬಿಚ್ಚಿಟ್ಟ ಬಳೆಯನ್ನು ಮೆಲ್ಲನೆ ನಾನು ತೊಟ್ಟು ದುಡಿದೆ. ನಾನೊಬ್ಬಳೇ ಎಂದುಕೊಂಡಿದ್ದೆ. ನಾನು ತಂದಿಟ್ಟ ಕೂಡಲೇ ಇನ್ನೊಬ್ಬಳು, ಅವಳಾದ ಮೇಲೆ ಮತ್ತೊಬ್ಬಳು, ಹೀಗೆ ಇಡೀ ವಾರ್ಡೇ ಅದನ್ನು ತೊಟ್ಟಿತ್ತು. ಯಾರೂ ಯಾರಿಗೂ ಹೇಳಿರಲಿಲ್ಲ. ಅಂಕ ಉಕ್ಕಿ ಹರಿದು ಮೆಹಜಬೀನ ಇಡೀ ನಾಡಿಗೇ ಮೊದಲು ಬಂದಳು. ನಿನ್ನೆ ಆದೇಶ ಬಂದಿದೆ: ಇಂಥ ಉಪಕಾರಿ ಕೊಪ್ಪಳದಲ್ಲಿ ಇರುವುದು ತರವಲ್ಲ, ರಾಜಧಾನಿಗೆ ಹೋಗಿ ಎಲ್ಲರಿಗೂ ನೆರವಾಗುವ ಪಾಠ ಹೇಳಲಿ. ನಿಜ ಹೇಳಿದರೆ ಅವಳು ನೋಟಗೃಹಕ್ಕೆ, ಹೇಳದಿದ್ದರೆ ರಾಜಧಾನಿಗೆ. ಅಲ್ಲಿಯಾದರೂ ಜನರಿದ್ದಾರೆ ಎಂದು ಎಲ್ಲರೂ ಬಾಯಿ ಮುಚ್ಚಿಕೊಂಡು ಅವಳ ಬಟ್ಟೆ ಮಡಚಿ ಕೊಡುತ್ತಿದ್ದೇವೆ. ಈ ಕೆಲಸಕ್ಕೆ ಯಾರೂ ಬಳೆ ತೊಟ್ಟಿಲ್ಲ.

ಅಕ್ಕಂದಿರೇ, ನನ್ನದೊಂದು ಬೇಡಿಕೆ. ನೀವು ಒಬ್ಬರಿಗೊಬ್ಬರು ಹೇಗೆ ನೆರವಾಗುತ್ತೀರಿ, ಅಳೆದುಕೊಳ್ಳುತ್ತೇವೆ ಎಂದು ಯಾರಾದರೂ ಬಂದರೆ ಮುಖ ಗಂಟಿಕ್ಕಿಕೊಳ್ಳಿ. ನಮ್ಮಲ್ಲಿ ಅಂಥದ್ದೇನೂ ನಡೆಯುವುದಿಲ್ಲ ಎಂದು ಸುಳ್ಳು ಹೇಳಿಬಿಡಿ. ಅವರು ನಂಬಿ ವಾಪಸು ಹೋದರೆ ಆ ಕಡತವೂ ಇರದು, ಈ ಬಳೆಯೂ ಇರದು, ನಮ್ಮ ಮೆಹಜಬೀನ ನಮ್ಮಲ್ಲೇ ಉಳಿಯುತ್ತಾಳೆ.

ನಿಮ್ಮ
ಗಂಗಮಾಲಾ