ಮೇಲಿನ ತೋಟದ ಕೆಂಪು ಚಹಾ

ಜೂನ್ ೧೧, ಬೆಳಿಗ್ಗೆ ೫

ಇವತ್ತು ನಮ್ಮವರ ತಿಂಗಳ ತಿಥಿ. ಮೀನಿಲ್ಲ, ಮೊಟ್ಟೆಯಿಲ್ಲ. ಚಹಾ ಹೇಗೂ ಇಲ್ಲ — ಮೇಲಿನ ತೋಟ ಕೈತಪ್ಪಬಾರದು ಅಂತ ಕಾನನ್ ದೇವಿಗೆ ಹರಕೆ ಹೊತ್ತು ಚಹಾ ಬಿಟ್ಟು ಇಂದಿಗೆ ನಲವತ್ತು ದಿನ. ಅಂಗಳ ಗುಡಿಸಿದೆ. ಅಕ್ಕಿ ತೊಳೆದಿಟ್ಟೆ. ಮಿಸೊ ಸಾರಿಗೆ ಬದನೆ ಹೆಚ್ಚಿದೆ. ಬುದ್ಧನ ಗೂಡಿನ ಮುಂದೆ ಅವರಿಗೆ ಹಸಿರು ಚಹಾ ಇಟ್ಟೆ. ಅಲ್ಲಿಂದ ಇಳಿಸಿದ ಮೇಲೆ ಮನೆಯಲ್ಲಿರುವವರು ಪ್ರಸಾದದ ಹಾಗೆ ಕುಡಿಯಬೇಕು. ನಾನು ಗಿಡದ ಬುಡಕ್ಕೆ ಸುರಿದೆ.

ಮೇಲೆ ಹೋಗಿ ನೋಡಿದರೆ ಚಿಗುರೆಲ್ಲ ಹಳದಿ, ಮುದುರಿಕೊಂಡಿದೆ. ಜಿಗಿಹುಳು. ಈ ವರ್ಷ ಔಷಧಿ ಹೊಡೆಯುವವರಿರಲಿಲ್ಲ...

ಸಂಜೆ

ಮೈದುನ ಶಿಗೆಕಿ ಬಂದ. ಹುಳದ ಸುದ್ದಿ ಅವನಿಗೆ ಆಗಲೇ ಗೊತ್ತು. ಯಾರು ಹೇಳಿದರು?

"ಅತ್ತಿಗೆ, ಅಪ್ಪನ ಕಾಲದ ಗಿಡ ಅವು. ಹಸಿರು ಚಹಾ ಮಾಡಿದರೆ ಬರೀ ಕಹಿ. ಈಗ ಹುಳ ಬೇರೆ. ಕಿತ್ತು ಯೂಜು ನಿಂಬೆ ಹಾಕೋಣ."

"ನಿಮ್ಮಣ್ಣ ಇದ್ದಾಗ ಈ ಮಾತು ಯಾಕೆ ಬರಲಿಲ್ಲ?"

"ಬಂದಿತ್ತು. ಅಣ್ಣ ನಕ್ಕು ಸುಮ್ಮನಾಗ್ತಿದ್ದ."

ತೋಟ ಅವನ, ನನ್ನ ಇಬ್ಬರ ಹೆಸರಲ್ಲಿದೆ. ನನ್ನ ಮೊಹರಿಲ್ಲದೆ ಕೀಳುವ ಹಾಗಿಲ್ಲ. ಕಾಗದ ಇಟ್ಟು ಹೋದ. ೨೪ಕ್ಕೆ ಮೆಷಿನ್ ಬರುತ್ತಂತೆ. "ಒಪ್ಪಿಗೆಯೋ ಇಲ್ಲವೋ, ಬಾಯಿಮಾತು ಬೇಡ. ಬರೆದು ಮೊಹರು ಒತ್ತಿಡಿ. ಏನೂ ಬರೀದಿದ್ರೆ ಒಪ್ಪಿಗೆ ಅಂದ್ಕೋತೀನಿ."

ಜೂನ್ ೧೩

ಗುಡ್ಡದ ಮೇಲಿನ ಮನೆಯ ಮಸುಯೊ ಅಕ್ಕ ಬಂದಳು. ಎಪ್ಪತ್ತಾದರೂ ಕೋಲು ಹಿಡಿಯದವಳು. ಕೂರುವ ಮೊದಲೇ ಶುರು.

"ಇತ್ಸುಕೊ, ಔಷಧಿ ಹೊಡೀಬೇಡ. ಆ ಎಲೆ ನನಗೆ ಕೊಡು."

"ಹುಳ ಕಚ್ಚಿದ್ದು ಯಾರಿಗೆ ಬೇಕು?"

"ಬಾಡಿಸಿ ಉಜ್ಜಿ ಮಾಡೋ ಕೆಂಪು ಚಹಾಕ್ಕೆ ಅದೇ ಬೇಕು. ನಿಮ್ಮ ಕೊಟ್ಟಿಗೆ ಅಟ್ಟದಲ್ಲಿ ಬಿದಿರು ತಟ್ಟೆ ಹನ್ನೆರಡಿವೆ. ಇಳಿಸಿಡು."

ನನ್ನ ಅಟ್ಟದಲ್ಲಿ ತಟ್ಟೆ ಎಷ್ಟು ಅಂತ ನನಗೇ ಗೊತ್ತಿಲ್ಲ! ಅವಳು ಹೋದ ಮೇಲೆ ಏಣಿ ಹತ್ತಿ ಎಣಿಸಿದೆ.

ಹನ್ನೆರಡು.

ಜೂನ್ ೧೪

ತಟ್ಟೆಗಳಲ್ಲಿ ಕಂದು ಕಲೆ. ಹಳೆಯದಲ್ಲ. ಹೋದ ಎರಡು ಬೇಸಿಗೆ ಇವರು ಮೂರು ದಿನಕ್ಕೊಮ್ಮೆ ಸಂಜೆ ಗುಡ್ಡ ಹತ್ತುತ್ತಿದ್ದರು. ಗುಡಿಯ ಗುರುಗಳ ಜೊತೆ ಶೋಗಿ ಚದುರಂಗ ಆಡೋಕೆ, ಅನ್ನುತ್ತಿದ್ದರು. ಗುಡಿಗೆ ಹೋಗುವ ದಾರಿಯಲ್ಲೇ ಮಸುಯೊ ಮನೆ.

ಗುಡಿಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಗುರುಗಳನ್ನು ನೇರವಾಗಿ ಕೇಳಿಬಿಟ್ಟೆ.

"ಶೋಗಿಯೇ? ಕುದುರೆ ಹೇಗೆ ನಡೆಯುತ್ತೆ ಅಂತಲೂ ನನಗೆ ಗೊತ್ತಿಲ್ಲಮ್ಮ."

ಬಾಯಲ್ಲಿ ಬುದ್ಧನ ಹೆಸರು, ಎದೆಯಲ್ಲಿ ಬೆಂಕಿ. ದೇವಿ ಕ್ಷಮಿಸಲಿ.

ಜೂನ್ ೧೮

ನಾಲ್ಕು ದಿನ ಬರೆಯಲಿಲ್ಲ. ಬರೆದರೆ ಕೆಟ್ಟದ್ದೇ ಬರುತ್ತಿತ್ತು.

ಬೆಳಿಗ್ಗೆ ಹೊಸ್ತಿಲ ಮೇಲೊಂದು ತಗಡಿನ ಡಬ್ಬ. "ಹೋದ ವರ್ಷದ್ದು — ಮಸುಯೊ" ಅಂತ ಚೀಟಿ. ಒಳಗೆ ಕಪ್ಪಗೆ ತಿರುಚಿದ ಎಲೆ. ಇವರ ಮುಂದೆ ಇಡೋಣ ಅಂತ ಮಾಡಿದೆ. ನೀರು ಕಾಯಿಸಿ, ಬಟ್ಟಲಲ್ಲಿ ಆರಿಸಿ, ಒಂದು ನಿಮಿಷ ಬಿಟ್ಟು ಬಸಿದೆ. ಒಣಹುಲ್ಲಿನ ಬಣ್ಣ, ವಾಸನೆಯೇ ಇಲ್ಲ. ಈ ಕಸಕ್ಕಾಗಿ ನನ್ನ ತೋಟದ ಎಲೆ ಕೇಳುತ್ತಾಳೆಯೇ? ಇಲ್ಲ, ಬೇರೇನೋ ಇದೆ.

ಅಷ್ಟರಲ್ಲಿ ಅವಳೇ ಬಂದಳು. ಬಟ್ಟಲು ನೋಡಿ ಹಣೆ ಬಡಿದುಕೊಂಡಳು.

"ನೀರು ಎಷ್ಟು ಬಿಸಿ ಇತ್ತು?"

"ದಿನಾ ಮಾಡೋ ಹಾಗೆ. ಕೈ ಸಹಿಸುವಷ್ಟು."

"ಮಗೂಗೆ ಸ್ನಾನ ಮಾಡಿಸ್ತಿದ್ದೀಯೇನೇ? ಇದಕ್ಕೆ ಕೊತಕೊತ ಕುದಿಯೋ ನೀರೇ ಬೇಕು. ಸುರಿದು ಮುಚ್ಚು. ಐದು ನಿಮಿಷ ಮುಟ್ಟಬೇಡ. ಹಾಲು, ಸಕ್ಕರೆ ತೋರಿಸಲೂ ಬೇಡ."

ಅವಳೇ ಹಾಗೆ ಮಾಡಿ ಮುಚ್ಚಳ ತೆಗೆದಾಗ ಮನೆಯೆಲ್ಲ ಜೇನಿನ ಪರಿಮಳ. ಬಣ್ಣ ಹಳೇ ತಾಮ್ರದ ಹಾಗೆ.

"ಕುಡಿ."

"ಹರಕೆ ಇದೆ."

"ನೀನು ಬಿಟ್ಟಿದ್ದು ಹಸಿರು ಚಹಾ. ಇದು ಕೆಂಪು."

"ಗಿಡ ಒಂದೇ. ದೇವಿ ಕುರುಡಿ ಅಂದ್ಕೊಂಡ್ಯಾ?"

ನಕ್ಕಳು. ಉಪ್ಪು ಹಾಕಿದ ಮೂಲಂಗಿ ಕಡಿಯುತ್ತ ತಾನೇ ಎರಡು ಬಟ್ಟಲು ಕುಡಿದಳು. ಅದೇ ಎಲೆಗೆ ಮತ್ತೆ ನೀರು ಹೊಯ್ದು ಮೂರನೆಯದೂ. ಪರದೇಶದ ಕೆಂಪು ಚಹಾ ನಾಲಿಗೆ ಹಿಡಿಯುತ್ತೆ, ನಮ್ಮದು ಮೆತ್ತಗೆ, ಊಟದ ಜೊತೆಗೂ ಒಗ್ಗುತ್ತೆ ಅಂದಳು. ನಾನು ಮೂಸಿದ್ದಷ್ಟೇ. ಮೂಸಿದಷ್ಟೂ ಅನುಮಾನ.

"ಜೇನು ಬೆರೆಸಿದ್ದೀಯ," ಅಂದೆ.

ಬಟ್ಟಲು ಕೆಳಗಿಟ್ಟು, ಎದ್ದು ಹೋದಳು.

ಜೂನ್ ೧೯

ಇರುವೆ ಸುಳ್ಳು ಹೇಳುವುದಿಲ್ಲ. ಜಗಲಿಯ ಅಂಚಿನಲ್ಲಿ ಎರಡು ತಟ್ಟೆ ಇಟ್ಟೆ. ಒಂದರಲ್ಲಿ ಬಿಸಿನೀರಿಗೆ ಹನಿ ಜೇನು, ಇನ್ನೊಂದರಲ್ಲಿ ಅವಳ ಚಹಾ. ಮಧ್ಯಾಹ್ನಕ್ಕೆ ಜೇನಿನ ತಟ್ಟೆ ಕಪ್ಪಾಗಿತ್ತು. ಚಹಾದ ಕಡೆ ಒಂದೇ ಒಂದು ಬಂತು. ನೋಡಿತು. ಹೊರಟುಹೋಯಿತು.

ಜೇನಲ್ಲ. ಸರಿ. ಆದರೆ ಶೋಗಿ?

ಜೂನ್ ೨೧

ಗುಡ್ಡ ಹತ್ತಿದೆ. ಮಸುಯೊ ಅವರೆ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನಮ್ಮವರು ಇಲ್ಲಿಗೆ ಯಾಕೆ ಬರ್ತಿದ್ರು?"

"ಇಷ್ಟು ದಿನ ಬೇಕಾಯ್ತೇ ಕೇಳೋಕೆ? ಎಲೆ ಉಜ್ಜೋಕೆ ಬರ್ತಿದ್ದ. ನಾನು ಹುಡುಗಿಯಾಗಿದ್ದಾಗ ನಿಮ್ಮ ಮಾವನ ಅಟ್ಟದಲ್ಲಿ ಎಲೆ ಬಾಡಿಸ್ತಿದ್ದೆ. ಆಗ ಹಡಗಲ್ಲಿ ಪರದೇಶಕ್ಕೆ ಹೋಗ್ತಿತ್ತು ನಮ್ಮ ಕೆಂಪು ಚಹಾ. ಆ ಗಿಡ ನೆಟ್ಟಿದ್ದೇ ಅದಕ್ಕೆ. ಆಮೇಲೆ ಯಾರೂ ಕೊಳ್ಳಲಿಲ್ಲ, ಎಲ್ಲರೂ ಮರೆತರು. ನಿನ್ನ ಗಂಡ ಮರೀಲಿಲ್ಲ."

"ಹುಳ?"

"ಹುಳ ಕಚ್ಚಿದರೆ ಗಿಡ ತಾನೇ ಆ ಪರಿಮಳ ಕಟ್ಟುತ್ತೆ. ನಾವು ಔಷಧಿ ಹೊಡೆದು ಹೊಡೆದು ಅದನ್ನೇ ಕೊಂದ್ವಿ. ಅವನು ಒಂದು ಸಾಲಿಗೆ ಮಾತ್ರ ಹೊಡೀದೆ ಬಿಟ್ಟಿದ್ದ."

"ನನಗೆ ಯಾಕೆ ಹೇಳಲಿಲ್ಲ?"

"ಹೆದರಿ! ಮೂರು ಸಲ ಹುಳಿ ಬರಿಸಿ ಕೆಡಿಸಿದ. 'ಅವಳ ಬಾಯಿ ನೇರ, ಚೆನ್ನಾಗಾದ ಮೇಲೇ ಕೊಡ್ತೀನಿ' ಅಂದ. ಆ ಡಬ್ಬದ್ದು ಅವನೇ ಉಜ್ಜಿದ್ದು. ಕೊನೇದು."

ಇಳಿದು ಬಂದೆ. ಸತ್ತವರ ಬಾಯಲ್ಲಿ ಯಾರು ಬೇಕಾದರೂ ಮಾತು ಇಡಬಹುದು. ನನ್ನ ಕೈ ಹೇಳಬೇಕು.

ಜೂನ್ ೨೨

ಮುದುರಿದ ಚಿಗುರನ್ನೇ ಆರಿಸಿ ಒಂದು ಬುಟ್ಟಿ ಕೊಯ್ದೆ. ತಟ್ಟೆಗಳಲ್ಲಿ ಹರಡಿದೆ. ಕೊಟ್ಟಿಗೆಗೆ ಬೀಗ. ಕೀಲಿ ನನ್ನ ಸೊಂಟದಲ್ಲಿ.

ಜೂನ್ ೨೩, ಮಧ್ಯಾಹ್ನ

ಬಾಡಿದ್ದನ್ನು ಬೆಳಗಿನಿಂದ ಉಜ್ಜಿದೆ. ಅಂಗೈ ಕೆಂಪಾಯಿತು. ಒದ್ದೆ ಬಟ್ಟೆ ಮುಚ್ಚಿಟ್ಟು ಎರಡು ಗಂಟೆ ಕಾದೆ. ಈಗ ತೆಗೆದೆ.

ಅದೇ ಪರಿಮಳ. ಬೇರೆ ಯಾರ ಕೈಯೂ ಮುಟ್ಟಿಲ್ಲ. ಅದೇ.

ಕೂತು ಅತ್ತೆ. ಎರಡು ಬೇಸಿಗೆ ಅಂಗಿಯಲ್ಲಿ ಈ ವಾಸನೆ ಹೊತ್ತು ಮನೆಗೆ ಬಂದಿದ್ದರು. ಬೆವರು ಅಂದುಕೊಂಡು ಒಗೆದು ಹಾಕಿದ್ದೆ.

ಜೂನ್ ೨೪, ಬೆಳಿಗ್ಗೆ ೬

ಕಾಗದದ ಮೇಲೆ "ಇಲ್ಲ" ಅಂತ ದೊಡ್ಡದಾಗಿ ಬರೆದೆ. ಮೊಹರು ಒತ್ತಿದೆ. ಶಿಗೆಕಿ ಫೋನ್ ಎತ್ತುತ್ತಿಲ್ಲ. ಬೇಕಂತಲೇ. ಕಾಗದ ಬಾಗಿಲಲ್ಲಿ ಬಿಟ್ಟರೆ ಸಿಗಲಿಲ್ಲ ಅಂದಾನು. ಯಾರದಾದರೂ ಕೈಗೇ ಕೊಡಬೇಕು.

೭ ಗಂಟೆ, ಮೇಲಿನ ತೋಟ

ಮೊದಲ ಸಾಲಿನ ಮುಂದೆ ನಿಂತು ಬರೆಯುತ್ತಿದ್ದೇನೆ. ಮೆಷಿನ್ ಬರುವ ದಾರಿ ಇದೊಂದೇ. ಕೊನೆಗೆ ಶಿಗೆಕಿಯ ಹೆಂಡತಿ ಹಾರುಯೊ ಫೋನ್ ಎತ್ತಿದ್ದಳು. ಹೇಳಿದ್ದೇನೆ — ನಾನು ಇಲ್ಲಿಂದ ಕದಲುವುದಿಲ್ಲ, ಮೆಷಿನ್ ಬೇಡ, ಬರಿಗೈಯಲ್ಲಿ ಯಾರನ್ನಾದರೂ ಕಳಿಸು, ಬಂದು ನನ್ನ ಉತ್ತರ ತಗೊಂಡು ಹೋಗಲಿ. ಅಲ್ಲಿಯವರೆಗೂ ಈ ಕಾಗದ ನನ್ನ ಕೈಯಲ್ಲೇ ಇರುತ್ತೆ.