ಮದ್ದೂರು ಗೇಟಿನಾಚೆ ನಿಂತ ಕಾರು

ಫೆಬ್ರವರಿ 3, ಸೋಮವಾರ

ಇವತ್ತೂ ಎರಡು ಟಿಪ್ಪರ್, ಒಂದು ಬೊಲೆರೊ. ಡ್ಯಾಶ್‌ಬೋರ್ಡ್ ಬಿಚ್ಚು, ವೈರ್ ಹುಡುಕು, ಜಿಪಿಎಸ್ ಡಬ್ಬಿ ಕೂರಿಸು, ಟೇಪ್ ಸುತ್ತು, ಮುಚ್ಚು. ಮೂರರಲ್ಲೂ ಮೈಕಿನ ವೈರ್ ಕತ್ತರಿಸಿಯೇ ಕೂರಿಸಿದೆ. ಆ ಡಬ್ಬಿಗೆ ಫೋನ್ ಮಾಡಿದರೆ ಗಾಡಿಯೊಳಗಿನ ಮಾತೆಲ್ಲ ಕೇಳಿಸುತ್ತದೆ. ಗಾಡಿ ಎಲ್ಲಿದೆ ಎಂದು ತಿಳಿಯುವ ಹಕ್ಕು ಮಾಲೀಕನಿಗಿದೆ. ಡ್ರೈವರ್ ಹೆಂಡತಿಯ ಹತ್ತಿರ ಏನು ಮಾತಾಡುತ್ತಾನೆ ಎಂದು ತಿಳಿಯುವ ಹಕ್ಕಿಲ್ಲ. ದುಡಿಮೆಯನ್ನು ಕೊಂಡವನು ನಾಲಿಗೆಯನ್ನು ಕೊಂಡಿಲ್ಲ. (ಸಾಲು ಚೆನ್ನಾಗಿದೆ. ಕರಪತ್ರಕ್ಕೆ ಹಾಕಬೇಕು.)

ಅಂಗಡಿ ಓನರ್ ಸುನೀಲ್ ಕುಮಾರ್ ಕಸದ ಬುಟ್ಟಿಯಲ್ಲಿ ವೈರ್ ತುಂಡುಗಳನ್ನು ಕಂಡ.

“ಏನಮ್ಮ ಲೀಡರ್ ಕುಮಾರಿ, ಕಂಪನಿಯವ್ನು ಮೈಕ್ ಹಾಕಿ ಕಳಿಸ್ತಾನೆ, ನೀನು ಕತ್ರಿ ಹಾಕ್ತೀಯ. ನಿನ್ನ ಸಂಬಳಕ್ಕೂ ನಾನು ಹಂಗೇ ಹಾಕ್ಲಾ?”

ಹಾಕಲಿ. ಚಾಮರಾಜನಗರದಲ್ಲಿ ಟ್ರ್ಯಾಕರ್ ಕೂರಿಸಲು ಬರುವವರು ಇನ್ನು ಯಾರಿದ್ದಾರೆ ನೋಡೋಣ.

ಫೆಬ್ರವರಿ 5, ಬುಧವಾರ

ಗುರುಪಾದಸ್ವಾಮಿಯವರ ಅಂಬಾಸಿಡರ್. ಅವರ ಅಪ್ಪ ಕೊಂಡದ್ದು, ಅರವತ್ತು ವರ್ಷದ ಮೇಲಾಯಿತು. ಕೆನೆ ಬಣ್ಣ. ಅರಿಸಿನದ ಗೋಡೋನಿನಲ್ಲೇ ನಿಲ್ಲಿಸುತ್ತಾರೆ, ಸೀಟಿನಿಂದ ಅರಿಸಿನದ ವಾಸನೆ.

ಇಂಥ ಕಾರು ಕದಿಯುವುದು ತೀರಾ ಸುಲಭ. ಸ್ಟೀರಿಂಗ್ ಲಾಕ್ ಇಲ್ಲ. ಬೀಗಗಳು ಸವೆದಿವೆ, ಯಾವ ಹಳೆಯ ಅಂಬಾಸಿಡರ್ ಕೀ ಹಾಕಿದರೂ ತಿರುಗುತ್ತದೆ. ಗಡಿ ದಾಟಿದರೆ ಬಣ್ಣ, ನಂಬರ್ ಎಲ್ಲ ಬೇರೆ. ಆಮೇಲೆ ಯಾರೋ ಶ್ರೀಮಂತನ ಷೆಡ್ಡಿನಲ್ಲಿ ಗೊಂಬೆ.

“ಯಾರೋ ಮದ್ವೆ ಫೋಟೋ ತೆಗಿತೀವಿ ಅಂತ ಬಂದಿದ್ರು ಕಣವ್ವ,” ಎಂದರು ಗುರುಪಾದಸ್ವಾಮಿ. “ಗಂಡು ಹೆಣ್ಣು ಇಬ್ರೂ ಇಲ್ಲ, ಬಾನೆಟ್ ತೆಗ್ದು ಚಾಸಿಸ್ ನಂಬರ್ ಫೋಟೋ ತಕ್ಕೊಂಡ್ರು! ಆವತ್ತಿಂದ ನಿದ್ದೆನೇ ಇಲ್ಲ.”

ಬದನಗುಪ್ಪೆ ಹತ್ತಿರದ ನಮ್ಮ ಊರಿನಲ್ಲಿ ಯಾವ ಮನೆಯ ಮದುವೆಯಾದರೂ ಹೆಣ್ಣು ಛತ್ರಕ್ಕೆ ಹೋಗುವುದು ಈ ಕಾರಿನಲ್ಲೇ. ನಮ್ಮ ಬೀದಿಯ ಹೆಣ್ಣುಮಕ್ಕಳನ್ನು ಬಿಟ್ಟು. ಎರಡು ವರ್ಷದ ಹಿಂದೆ ನಾವು ಹುಡುಗ ಹುಡುಗಿಯರು ಅವರ ಜಗಲಿಯ ಮುಂದೆ ನಿಂತು ಕೇಳಿದ್ದೆವು. ಆಗ ಉತ್ತರ ಕೊಡಲಿಲ್ಲ. ಈ ಸಂಕ್ರಾಂತಿಗೆ ತಾವೇ ನಮ್ಮ ಬಾಗಿಲಿಗೆ ಬಂದರು—“ನಾಗಮಣಿ ಮದ್ವೆಗೆ ಕಾರು ನಾನೇ ಓಡಿಸ್ಕೊಂಡು ಬತ್ತೀನಿ.” ಅವ್ವ ಅತ್ತಳು. ನಾನು ಅಳಲಿಲ್ಲ. ಹಕ್ಕು ಸಿಕ್ಕಿದಾಗ ಅಳಬಾರದು.

ತಂಗಿಯ ಮದುವೆ 23ಕ್ಕೆ. ಅಷ್ಟರಲ್ಲಿ ಈ ಕಾರಿಗೆ ಏನೂ ಆಗಬಾರದು. ಡಬ್ಬಿಯ ಜೊತೆ ಇಗ್ನಿಷನ್ ವೈರಿಗೆ ರಿಲೇಯನ್ನೂ ಹಾಕಿದೆ. ಅವರ ಕಾರಿನ ಆ್ಯಪನ್ನು ನನ್ನ ಫೋನಿಗೂ ಹಾಕಿಕೊಂಡೆ, ಅದರಲ್ಲಿ ಕೆಂಪು ಬಟನ್ ಒತ್ತಿದರೆ ಎಂಜಿನ್ ಬಂದ್, ಹಸಿರು ಒತ್ತಿದರೆ ಮತ್ತೆ ಚಾಲೂ. ಮೈಕ್ ಕತ್ತರಿಸಲಿಲ್ಲ. ಇವರಿಗೆ ಡ್ರೈವರ್ ಇಲ್ಲ, ತಾವೇ ಓಡಿಸುತ್ತಾರೆ. ಕದ್ದು ಕೇಳಲು ಯಾರಿದ್ದಾರೆ.

ಫೆಬ್ರವರಿ 9, ಭಾನುವಾರ

ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್. ಕರಪತ್ರ ಹಂಚಿದೆ—‘ಚಾಲಕನ ಮಾತು ಮಾಲೀಕನ ಸ್ವತ್ತಲ್ಲ’. ಕೆಳಗೆ ನನ್ನ ಫೋನ್ ನಂಬರ್. ಕೇರಳದ ಲಾರಿಯವನೊಬ್ಬ ಅದರಲ್ಲಿ ಚಿಪ್ಸ್ ಸುತ್ತಿಕೊಂಡ. ಸಿಟ್ಟು ನುಂಗಿದೆ.

ಮರದ ಕೆಳಗೆ ಆಕ್ಟಿಂಗ್ ಡ್ರೈವರ್‌ಗಳು. ಸ್ವಂತ ಗಾಡಿಯಿಲ್ಲ, ಕಾಯಂ ಮಾಲೀಕನಿಲ್ಲ. ಕರೆದವರ ಗಾಡಿ, ಒಂದು ಟ್ರಿಪ್ಪಿಗೆ. ರಂಗರಾಜು ಎಂಬವನು ನನ್ನ ಕರಪತ್ರವನ್ನು ವಾರ್ತೆಯ ಥರ ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸಿದ.

“ನಮ್ ಮಾತ ಕದ್ದು ಕೇಳುದ್ರ ಅವ್ರಿಗೇ ಲಾಸು ಕಣವ್ವ. ನಾನು ನನ್ನೆಡ್ತಿಗ ಫೋನ್ ಮಾಡದು ಸಾರು ಏನ್ ಮಾಡಿದ್ದೀಯ ಅಂತ ಕೇಳಕ್ಕ ಅಷ್ಟೇಯ.”

ಗಾಡಿ ಯಾರದೆಂದು ನಿಮಗೆ ಹೇಗೆ ಗೊತ್ತಾಗುತ್ತದೆ ಎಂದೆ.

“ಕೀ ಕೊಟ್ಟವ್ರೇ ಓನರ್ರು.”

“ಆರ್‌ಸಿ ಕೇಳಬೇಕಣ್ಣ.”

“ಕೇಳುದ್ರ, ಇವನ್ಯಾರೋ ಇನ್ಸ್‌ಪೆಕ್ಟ್ರು ಅಂದ್ಕಂಡು ಪಕ್ಕದಂವನ್ನ ಕರ್ಕಂಡು ಓಯ್ತರ. ನೀನೇ ಬಂದು ದಿನಾ ಇಲ್ಲಿ ನಿಂತ್ಕ, ನಮ್ಮೆಲ್ಲರ ಪರವಾಗಿ ಕೇಳು.”

ಎಲ್ಲರೂ ನಕ್ಕರು. ನನಗೂ ನಗು ಬಂತು. ಕರಪತ್ರವನ್ನು ಮಡಚಿ ಜೇಬಿಗಿಟ್ಟ. “ರಾಚಮ್ಮಂಗ ಕೊಡ್ತೀನಿ. ಅವ್ಳೇ ನಮ್ಮನೆ ಲಾಯರ್ರು.”

ಇಂಥವರಿಗಾಗಿ ಕೆಲಸ ಮಾಡಬೇಕು. ಇಂಥವರ ಪಕ್ಕದಲ್ಲಿ ನಿಲ್ಲಬೇಕು.

ಫೆಬ್ರವರಿ 13, ಗುರುವಾರ, ರಾತ್ರಿ

ನಿಂತಿತು! ನಾನೇ ನಿಲ್ಲಿಸಿದೆ!

ಸಂಜೆ ಅಂಗಡಿಯಲ್ಲಿದ್ದೆ. ಆ್ಯಪ್ ಸದ್ದು ಮಾಡಿತು—ಅಂಬಾಸಿಡರ್ ಚಾಲೂ. ಗುರುಪಾದಸ್ವಾಮಿಯವರಿಗೆ ಫೋನ್ ಮಾಡಿದೆ. “ನಾನು ಮೈಸೂರಲ್ಲಿದ್ದೀನಲ್ಲವ್ವ!” ಅಷ್ಟರಲ್ಲಿ ಮ್ಯಾಪಿನ ಮೇಲೆ ಕಾರಿನ ಚುಕ್ಕೆ ತೆರಕಣಾಂಬಿ ದಾಟಿತ್ತು. ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್ ಹತ್ತಿರ ಸ್ವಲ್ಪ ಹೊತ್ತು ನಿಂತಿತು. ಮತ್ತೆ ಹೊರಟಿತು, ಕಾಡಂಚಿನ ಮದ್ದೂರು ಕಡೆ. ಕೇರಳಕ್ಕೇ. ರಾತ್ರಿ ಒಂಬತ್ತಕ್ಕೆ ಕಾಡಿನ ಗೇಟ್ ಹಾಕುತ್ತಾರೆ, ಅದರೊಳಗೆ ದಾಟಿಸುವ ಲೆಕ್ಕ.

ಸುನೀಲ್ ಪೊಲೀಸರಿಗೆ ತಿಳಿಸಿದ. ಆಮೇಲೆ ನನ್ನ ಕೈ ಹಿಡಿದ. “ಓಡೋ ಗಾಡಿನ ಕಾಡೊಳಗೆ ನಿಲ್ಲಿಸ್ಬೇಡ್ವೆ. ಹೊತ್ತು ಮುಳುಗ್ತಾ ಐತೆ. ಅವ್ರು ನೋಡ್ಕೋತಾರೆ.”

ಚುಕ್ಕೆ ಮದ್ದೂರು ಗೇಟ್ ದಾಟಿತು. ಇನ್ನು ಸ್ವಲ್ಪ ಹೋದರೆ ಸಿಗ್ನಲ್ ಇರುವುದಿಲ್ಲ. ಸಿಗ್ನಲ್ ಇಲ್ಲದಿದ್ದರೆ ಕಾರಿಲ್ಲ. ನಾಗಮಣಿ ನಡೆದು ಹೋಗುತ್ತಾಳೆ, ನಮ್ಮ ಬೀದಿಯವರು ಎಂದಿನಂತೆ.

ಒತ್ತಿದೆ.

ಕಳ್ಳನಿಗೆ ಕಾಡೇನು, ನಾಡೇನು. ಪೊಲೀಸರು ಹೋಗಿದ್ದಾರೆ. ಕಾರಿಗೆ ಒಂದು ಗೀರೂ ಆಗಿಲ್ಲವಂತೆ. ಈ ಮಧ್ಯೆ ಯಾವುದೋ ಹೊಸ ನಂಬರಿನಿಂದ ಮೇಲಿಂದ ಮೇಲೆ ಫೋನ್. ಎತ್ತಲಿಲ್ಲ. ಪುರುಸೊತ್ತೆಲ್ಲಿ.

ಫೆಬ್ರವರಿ 14, ಶುಕ್ರವಾರ

ಪೇಪರಿನಲ್ಲಿ ಬಂದಿದೆ. ‘ಕಾರು ಕಳ್ಳನ ಮೇಲೆ ಆನೆ ದಾಳಿ’. ತೊಡೆ ಮುರಿದಿದೆ, ಪಕ್ಕೆಲುಬು ಮುರಿದಿದೆ. ಮೈಸೂರು ಆಸ್ಪತ್ರೆ. ಹೆಸರು ಹಾಕಿಲ್ಲ.

ಸುನೀಲ್ ನನ್ನ ಮುಖ ನೋಡಲಿಲ್ಲ. ಆಮೇಲೆ ಅಂದ—“ಎಂಜಿನ್ ತಾನಾಗಿ ಆಫ್ ಆಯ್ತು. ಹಳೇ ಗಾಡಿ. ಗೊತ್ತಾಯ್ತಾ?”

ಕದಿಯದಿದ್ದರೆ ಕಾಡಿಗೆ ಯಾಕೆ ಹೋಗುತ್ತಿದ್ದ. ಇದನ್ನೇ ಹೇಳಿಕೊಳ್ಳುತ್ತಿದ್ದೇನೆ, ಬೆಳಗಿನಿಂದ.

ಫೆಬ್ರವರಿ 17, ಸೋಮವಾರ

ಡಬ್ಬಿ ಸರಿಯಿದೆಯೇ ನೋಡಲು ಸ್ಟೇಷನ್ನಿಗೆ ಕರೆದರು. ಅಂಗಳದಲ್ಲಿ ಕಾರು. ಒಬ್ಬ ಪೇದೆ ಸ್ಥಳದ ಫೋಟೋ ತೋರಿಸಿದ. ಕಾರನ್ನು ರಸ್ತೆಯಂಚಿಗೆ ತಳ್ಳಿದೆ. ಹಿಂದೆ ರಸ್ತೆಯ ಮೇಲೆ ಹಸಿರು ಕೊಂಬೆಗಳು, ಒಂದರ ಮೇಲೊಂದು ಕಲ್ಲು. ಗಾಡಿ ಕೆಟ್ಟು ನಿಂತರೆ ನಮ್ಮ ಕಡೆ ಡ್ರೈವರ್‌ಗಳು ಇಡುತ್ತಾರಲ್ಲ—ಹಿಂದಿನಿಂದ ಬರುವವರು ಗುದ್ದದಿರಲಿ ಎಂದು—ಹಾಗೆ.

“ನೋಡಮ್ಮ, ನಮ್ ಕಳ್ಳಂಗ ರೂಲ್ಸ್ ಎಷ್ಟು ಗೊತ್ತು,” ಎಂದು ನಕ್ಕ. “ಇನ್ನೊಂದು ಕೊಂಬೆ ಮುರಿಯಕ್ಕ ಪೊದೆಗ ಓಗವ್ನೆ. ಅಲ್ಲಿತ್ತು ಆನೆ.”

ಓಡಿಹೋಗುವವನು ಕೊಂಬೆ ಇಡುವುದಿಲ್ಲ.

ಹೆಸರು ಕೇಳಿದೆ. ರಂಗರಾಜು.

ಕೇಳುವ ಮೊದಲೇ ಗೊತ್ತಿತ್ತು. ಹದಿಮೂರರಂದು ಬರೆಯದೆ ಬಿಟ್ಟದ್ದನ್ನು ಈಗ ಬರೆಯುತ್ತೇನೆ. ಕೆಂಪು ಬಟನ್ ಒತ್ತಿದ ಮೇಲೆ ಡಬ್ಬಿಗೆ ಫೋನ್ ಮಾಡಿದೆ. ಕಳ್ಳನ ಗಾಬರಿ ಕೇಳಬೇಕೆನಿಸಿತು. ಊರೆಲ್ಲ ಮೈಕ್ ಬೇಡವೆಂದು ಕರಪತ್ರ ಹಂಚಿದವಳು ನಾನೇ, ಕಿವಿಗೊಟ್ಟವಳೂ ನಾನೇ. ಅವನು ಹೆಂಡತಿಗೆ ಹೇಳುತ್ತಿದ್ದ—

“ಗಾಡಿ ಆಫಾಗೋಯ್ತು ಕಣಮ್ಮಿ. ಕೇರಳದ ಬತ್ತೇರಿಗ ಬುಟ್ಬುಟ್ಟು ಬಾ ಅಂದ್ರು, ಓನರ್ರು ಹಿಂದ್ಗಡಿಂದ ಬೈಕ್ಲಿ ಬತ್ತಾವ್ರ. ಇಲ್ಲ, ಬುಟ್ಬುಟ್ಟು ಎಂಗ್ ಬರದು, ಕೀ ನನ್ ಕೈಲಿ ಕೊಟ್ಟವ್ರೆ… ಸಾರು ಏನ್ ಮಾಡಿದ್ದೀಯ?”

ಸಾರು. ಅಷ್ಟರಲ್ಲಿ ತಿಳಿಯಿತು ಯಾರೆಂದು. ಹಸಿರು ಬಟನ್ ಕೈಯಲ್ಲೇ ಇತ್ತು. ಒತ್ತಿದರೆ ಕಾರು ಕೇರಳಕ್ಕೆ. ಒತ್ತದಿದ್ದರೆ ನಮ್ಮ ಬೀದಿಗೆ. ಪೊಲೀಸರು ಬರುತ್ತಾರೆ, ಅವರಿಗೆ ಹೇಳಿಕೊಳ್ಳಲಿ ಎಂದುಕೊಂಡೆ.

ಇನ್ನೂ ಒಂದು ಮಾತು ಆಡಿದ. ಅದನ್ನು ಬರೆಯಲಾರೆ.

ಫೆಬ್ರವರಿ 18

ಏನೂ ಇಲ್ಲ.

ಫೆಬ್ರವರಿ 20, ಗುರುವಾರ

ಅಂಗಡಿಗೆ ಒಬ್ಬ ಹೆಂಗಸು. ಆಸ್ಪತ್ರೆಯಿಂದ ನೇರ ಬಂದದ್ದು, ಕೈಯಲ್ಲಿ ಟಿಫನ್ ಕ್ಯಾರಿಯರ್. ರಾಚಮ್ಮ.

“ಆ ಡಬ್ಬಿಲಿ ಎಲ್ಲಾ ಗೊತ್ತಾಯ್ತದಂತಲ್ಲ ಸಾಮಿ? ನಮ್ಮೆಜಮಾನ್ರು ಕಳ್ರಲ್ಲ ಅಂತ ಅದ್ರಲ್ಲಿ ಬರಲ್ವ?”

“ಗಾಡಿ ಎಲ್ಲೈತೆ ಅಂತ ಅಷ್ಟೇ ಬರೋದಮ್ಮ,” ಎಂದ ಸುನೀಲ್.

“ಕೀ ಕೊಟ್ಟಂವ ಬೈಕ್ಲಿ ತಿರುಗಿ ಓಡೋದ. ಯಾರೂ ನಂಬ್ತಿಲ್ಲ. ಶನಿವಾರ ಆಸ್ಪತ್ರೆಯಿಂದ ಬುಡ್ತರಂತ, ಅಲ್ಲಿಂದ ಸೀದಾ ಜೈಲ್ಗಂತ.” ಸೆರಗಿನ ಗಂಟಿನಿಂದ ನನ್ನ ಕರಪತ್ರ ತೆಗೆದಳು. “ಈ ಚೀಟಿ ನಂಬರ್ಗೂ ಆವತ್ತು ನಾನೇ ಫೋನ್ ಮಾಡ್ದಿ. ಡ್ರೈವರ್‌ಗ ಸಾಯ ಮಾಡ್ತೀವಿ ಅಂತ ಅಚ್ಚಾಕ್ಸವ್ರಲ್ಲ. ಎತ್ನಿಲ್ಲ. ನಿಂಗೇನಾರ ಗೊತ್ತವ್ವ, ಈ ಚೀಟಿ ಹಂಚ್ದ ಹುಡ್ಗಿ?”

ನನ್ನನ್ನೇ ಕೇಳಿದ್ದು.

“ಇಲ್ಲ,” ಎಂದ ಸುನೀಲ್.

ಅವಳು ಹೋದ ಮೇಲೆ ಬಾಗಿಲು ಅರ್ಧ ಮುಚ್ಚಿ ಹೇಳಿದ. “ನೀನೇನಾದ್ರೂ ಬಾಯಿ ಬಿಟ್ರೆ ಡಬ್ಬಿ ಸಾಕ್ಷಿ. ಕಾರೂ ಸಾಕ್ಷಿ. ಗುರುಪಾದಸ್ವಾಮಿಯವ್ರು ವಕೀಲರನ್ನ ಹಿಡಿದು ನಿನ್ನೆ ತಾನೆ ಕಾರು ಬಿಡಿಸ್ಕೊಂಡವ್ರೆ, ಪೊಲೀಸ್ರು ಮತ್ತೆ ಸ್ಟೇಷನ್ನಿಗೇ ಎಳ್ಕೊಂಡು ಹೋಗ್ತಾರೆ. ತಂಗಿ ಮದ್ವೆಗೆ ಆಟೋ ಹೇಳ್ಕೊ. ನಿಂಗೆ ಏನು ಕೇಸ್ ಆಗ್ತದೋ ನಂಗೊತ್ತಿಲ್ಲ.”

ಫೆಬ್ರವರಿ 21, ಶುಕ್ರವಾರ

ಗುರುಪಾದಸ್ವಾಮಿಯವರಿಗೆ ಎಲ್ಲ ಹೇಳಿದೆ. ಕಾರಿನ ಮೇಲೆ ಕೈಯಿಟ್ಟುಕೊಂಡೇ ಕೇಳಿದರು. ಕೆಟ್ಟವರಲ್ಲ. ಅದೇ ಕಷ್ಟ.

“ಸೋಮವಾರ ಹೋಗನ ಕಣವ್ವ. ನಾನೇ ಕರ್ಕೊಂಡು ಹೋಯ್ತೀನಿ. ಆ ಮನುಷ್ಯನ ಆಸ್ಪತ್ರೆದೂ ನಾನೇ ನೋಡ್ಕೋತೀನಿ. ನಿಮ್ ಬೀದಿಗೆ ಕಾರು ಬರ್ಲಿ ಅಂತ ಪಟ್ಟು ಹಿಡಿದವಳು ನೀನೇ ತಾನೆ? ಎರಡು ದಿನದಲ್ಲಿ ಏನಾಯ್ತದೆ?”

ಎರಡು ದಿನ ಅವನು ಮುರಿದ ತೊಡೆ ಇಟ್ಟುಕೊಂಡು ಜೈಲಿನಲ್ಲಿರುತ್ತಾನೆ. ಅದು ಆಗುತ್ತದೆ.

ಮನೆಯಲ್ಲಿ ಚಪ್ಪರ ಏರಿದೆ. ನಾಗಮಣಿಯ ಕೈಗೆ ಮೆಹಂದಿ ಹಾಕಿದ್ದರು. ಕರೆದು ಹೇಳಿದೆ. ನಿನಗೆ ಬೇಕಾದದ್ದನ್ನೇ ಮಾಡಕ್ಕ ಎಂದು ಹೇಳುತ್ತಾಳೆಂದುಕೊಂಡಿದ್ದೆ. ಹೇಳಲಿಲ್ಲ.

“ಕಾರ್ಲಿ ಕೂತ್ಕತೀನಿ ಅಂತ ಎಲ್ಲರ್ಗೂ ಹೇಳ್ಕ ಬಂದಿವ್ನಿ ಕಣಕ್ಕ. ನೀನೇ ಹೇಳ್ಸಿದ್ದು. ಈಗ ನೀನೇ ಇಳಿ ಅಂತೀಯಲ್ಲ.” ಮೆಹಂದಿ ಕೈಗಳನ್ನು ಎತ್ತಿ ಹಿಡಿದುಕೊಂಡೇ ಅತ್ತಳು. ಕಣ್ಣೊರೆಸಿಕೊಳ್ಳಲು ಆಗಲಿಲ್ಲ. ನಾನು ಒರೆಸಲು ಹೋದೆ, ಮುಖ ತಿರುಗಿಸಿದಳು.

ಅವ್ವ ಒಲೆಯ ಮುಂದಿನಿಂದ—“ಎಲ್ಡ್ ದಿನ ತಡ್ಕಬುಡೆ. ಮದ್ವೆ ಮುಗುಸ್ಕಂಡು ಸೋಮವಾರ ಓಗು.”

ನ್ಯಾಯಕ್ಕೆ ಅವಧಿಯಿಲ್ಲ ಎಂದು ಯಾವುದೋ ಪುಸ್ತಿಕೆಯಲ್ಲಿ ಗೆರೆ ಎಳೆದಿದ್ದೆ. ಇವತ್ತು ಹುಡುಕಿದೆ. ಯಾವ ಪುಸ್ತಿಕೆಯಲ್ಲಿತ್ತೋ, ಸಿಗಲಿಲ್ಲ.

ಹೊಲದ ಬದುವಿಗೆ ಹೋಗಿ ಆ ಹೊಸ ನಂಬರಿಗೆ ವಾಪಸ್ ಫೋನ್ ಮಾಡಿದೆ.

“ಯಾರವ್ವ?”

“ಚೀಟಿ ಹುಡುಗಿ.”

ಹಿಂದೆ ಆಸ್ಪತ್ರೆಯ ಗದ್ದಲ.

“ಈಗ ಬಂತಾ ನಿಂಗ ಪುರುಸೊತ್ತು?”

ಫೆಬ್ರವರಿ 22, ಶನಿವಾರ, ಬೆಳಗ್ಗೆ

ಸ್ಟೇಷನ್. ಬೆಂಚಿನ ಆ ತುದಿಯಲ್ಲಿ ರಾಚಮ್ಮ, ಈ ತುದಿಯಲ್ಲಿ ನಾನು. ನಡುವೆ ಟಿಫನ್ ಕ್ಯಾರಿಯರ್. ಗುರುಪಾದಸ್ವಾಮಿ ಬರುವುದಿಲ್ಲವೆಂದುಕೊಂಡಿದ್ದೆ. ಕಾರು ಓಡಿಸಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿದ್ದಾರೆ. ಬಾನೆಟ್ಟಿಗೆ ನಾಳೆಗೆಂದು ಕಟ್ಟಿದ್ದ ಸೇವಂತಿಗೆ ಹಾರ ಹಾಗೇ ಇದೆ. ಕೀ ಒಳಗೆ ಕೊಟ್ಟು ಹೊರಗೆ ನಿಂತಿದ್ದಾರೆ.

ಇನ್ಸ್‌ಪೆಕ್ಟರ್ ಬಂದ ಕೂಡಲೇ ಕರೆಯುತ್ತಾರಂತೆ. ಬಟನ್ ಒತ್ತಿದ್ದು ಹೇಳಬೇಕು. ಕದ್ದು ಕೇಳಿದ್ದು ಹೇಳಬೇಕು. ಕೊಂಬೆ ಯಾಕಿಟ್ಟ ಅಂತ ಹೇಳಬೇಕು.

ಬರೆಯಲಾರೆ ಎಂದಿದ್ದ ಆ ಒಂದು ಮಾತು. ಸಾರಿನ ವಿಷಯ ಆದ ಮೇಲೆ ರಂಗರಾಜು ಹೆಂಡತಿಗೆ ಹೇಳಿದ್ದು: “ಆ ಚೀಟಿ ಹುಡ್ಗಿಗೊಂದು ಫೋನ್ ಮಾಡಮ್ಮಿ. ಗಾಡಿ ಕೆಲ್ಸ ಗೊತ್ತಿರವ್ಳು, ನಮ್ ಕಡೆಯವ್ಳು. ಏನಾರ ದಾರಿ ಹೇಳ್ತಳ.”

ಅದಾದ ಕೂಡಲೇ ನನ್ನ ಫೋನ್ ಹೊಡೆದುಕೊಂಡಿತು. ಹೊಸ ನಂಬರ್ ಎಂದು ಬರೆದಿದ್ದೇನೆ. ಯಾರದೆಂದು ಗೊತ್ತಿತ್ತು. ಗೊತ್ತಿದ್ದೇ ಎತ್ತಲಿಲ್ಲ. ರಾಚಮ್ಮನಿಗೆ ಇದನ್ನು ಇನ್ನೂ ಹೇಳಿಲ್ಲ. ಒಳಗೆ ಹೋಗುವ ಮೊದಲು ಅವಳಿಗೇ ಹೇಳ—

ಕರೆಯುತ್ತಿದ್ದಾರೆ. ಇಲ್ಲ—ಒಂದು ನಿಮಿಷ ಎನ್ನುತ್ತೇನೆ. ಟಿಫನ್ ಕ್ಯಾರಿಯರ್ ಆಚೆಗಿಟ್ಟು ಅವಳ ಪಕ್ಕಕ್ಕೆ ಸರಿಯುತ್ತೇನೆ.